ಹಳೇದಕ್ಕೆ ಜಾಗ ಕೊಟ್ಟರೆ ಬಾಡಿಗೆ ಯಾರು ಕಟ್ಟಬೇಕು?

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಮೂಲೆಗೊಂದು ಹಳೇ ಕಂಪ್ಯೂಟರ್ ಇದ್ದರೆ, ಅದರಲ್ಲಿ ನುಡಿ, ಪೇಜ್‌ಮೇಕರ್ ಇದ್ದೇ ಇರುತ್ತೆ. ಯಾಕ್ರೀ ಇನ್ನೂ ಇದನ್ನ ಇಟ್ಕೊಂಡೀರಿ ಅಂದ್ರೆ ಉತ್ತರ ಒಂದೇ: "ಹಳೇ ಫೈಲ್ ಎಲ್ಲಾ ಇದರಾಗ ಅದಾವ್ರಿ."

ಹೊಸ ಯಂತ್ರದಲ್ಲಿ ಹಳೇದೂ ನಡೀಬೇಕು. ಇದಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅಂತಾರೆ. ಕೇಳೋಕೆ ಚೆಂದ, ಆದ್ರೆ ಬಿಟ್ಟಿ ಅಲ್ಲ.

2006ರಲ್ಲಿ ಸೋನಿ ಪ್ಲೇಸ್ಟೇಷನ್ 3 ತಂತು. ಪ್ಲೇಸ್ಟೇಷನ್ 2ರ ಆಟಗಳು ನಡೀಲಿ ಅಂತ ಮೊದಲ ಮಾದರಿಗಳೊಳಗೆ ಆ ಹಳೇ ಯಂತ್ರದ ಚಿಪ್‌ಗಳನ್ನೇ ಕೂರಿಸಿತ್ತು. ಅಮೆರಿಕದಲ್ಲಿ 60 ಜಿಬಿ ಮಾದರಿಯ ಬೆಲೆ 599 ಡಾಲರ್. ಮರುವರ್ಷ 399 ಡಾಲರ್‌ನ ಮಾದರಿ ಬಂದಾಗ ಆ ಸೌಲಭ್ಯವೇ ಮಾಯ.

ಇಂಟೆಲ್ ಕಥೆ ಇನ್ನೂ ಮಜಾ. 1978ರ 8086 ಚಿಪ್‌ಗೆ ವಿಳಾಸದ ತಂತಿ 20, ಅಂದ್ರೆ 1 ಎಂಬಿ ಮೆಮೊರಿ. ಅದು ಮೀರಿದ್ರೆ ಲೆಕ್ಕ ಮತ್ತೆ ಸೊನ್ನೆಗೆ. ಕೆಲವು ಪ್ರೋಗ್ರಾಂಗಳು ಇದನ್ನೇ ನಂಬ್ಕೊಂಡಿದ್ವು. 1984ರ ಐಬಿಎಂ ಪಿಸಿ/ಎಟಿಯಲ್ಲಿ 24 ತಂತಿಯ ಚಿಪ್ ಬಂದಾಗ, ಅವುಗಳಿಗೋಸ್ಕರ 21ನೇ ತಂತಿಗೆ ಗೇಟ್ ಹಾಕಿದ್ರು. ಅದರ ಕೀಲಿ ಕೊಟ್ಟಿದ್ದು ಕೀಬೋರ್ಡ್ ನೋಡ್ಕೊಳ್ಳೋ ಚಿಪ್‌ಗೆ! ಈ ತೇಪೆ ವರ್ಷಗಟ್ಟಲೆ ಉಳೀತು.

ಹಾಗಂತ ಹಳೇದನ್ನ ಬಿಟ್ಟರೆ? 2001ರಲ್ಲಿ ಇಂಟೆಲ್ ತಂದ ಇಟೇನಿಯಂನಲ್ಲಿ ಹಳೇ ಪ್ರೋಗ್ರಾಂಗಳು ಕುಂಟ್ತಿದ್ವು. 2003ರಲ್ಲಿ ಎಎಂಡಿ ಹಳೇ ಅಡಿಪಾಯದ ಮೇಲೇ 64 ಬಿಟ್ ಕಟ್ತು. ಮಾರುಕಟ್ಟೆ ಅತ್ತ ಹೋಯ್ತು, ಇಂಟೆಲ್ ಕೂಡ ಅದೇ ದಾರಿ ಹಿಡೀತು.

ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಕಾಣೋದು ಇಷ್ಟೇ: ಖರ್ಚು ತಪ್ಪಲ್ಲ. ಕಂಪನಿ ಹಳೇದನ್ನ ಹೊತ್ತರೆ ಯಂತ್ರದ ಬೆಲೆಯಲ್ಲಿ ಕಟ್ತೀರಿ, ಇಳಿಸಿದ್ರೆ ನಿಮ್ಮ ಅಂಗಡಿಯಲ್ಲಿ ಕಟ್ತೀರಿ.

ಈಗ ಆ ಮೂಲೆಯ ಕಂಪ್ಯೂಟರ್‌ಗೆ ಬನ್ನಿ. ಹಳೇ ನುಡಿ ಫೈಲಲ್ಲಿರೋದು ಯೂನಿಕೋಡ್ ಕನ್ನಡ ಅಲ್ಲ. ಫಾಂಟ್ ತೆಗೆದ್ರೆ ಅರ್ಥವಿಲ್ಲದ ಚಿಹ್ನೆಗಳು. ಊರಿನ ಚರಿತ್ರೆ, ಜಾತ್ರೆಯ ಸ್ಮರಣ ಸಂಚಿಕೆ, ವಾರಪತ್ರಿಕೆಯ ಪುಟಗಳು ಆ ಒಂದು ಹಾರ್ಡ್‌ಡಿಸ್ಕ್‌ನಲ್ಲೇ ಇದ್ದರೆ, ಅದು ಕೆಟ್ಟ ದಿನ ಎಲ್ಲ ಹೋಯ್ತು. ಇನ್ನೊಂದು ಪ್ರತಿ ಮಾಡಿ. ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ತಿರುಗಿ ಓದಿ ತಿದ್ದಿ. ಬೇಸರದ ಕೆಲಸ, ನಿಜ. ಅದೇ ಬಾಡಿಗೆ.

ಕೊಪ್ಪಳದ ಪಾಲ್ಕಿಗುಂಡು ಮೇಲೆ ಅಶೋಕನ ಶಾಸನ ಇದೆ. ಕಲ್ಲು ಗಟ್ಟಿ, ಅಕ್ಷರವೂ ಇತ್ತು, ಬ್ರಾಹ್ಮಿ ಓದೋರು ಮಾತ್ರ ಶತಮಾನಗಳ ಕಾಲ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಬಿಡಿಸಬೇಕಾಯ್ತು. ನಮ್ಮ ಹಾರ್ಡ್‌ಡಿಸ್ಕ್‌ಗಳು ಅಷ್ಟು ದಿನ ಕಾಯಲ್ಲ.