ಥಂಡಿಗೆ ಸೇವಂತಿ, ಬಿಸಿಲಿಗೆ ಗಡ್ಡಿ



ಸಸಿ ಮಾರುವ ಗಾಡಿ ಊರಿಗೆ ಬಂದಾಗ ಬಣ್ಣದ ಚಿತ್ರಗಳನ್ನು ತೋರಿಸುತ್ತಾರೆ. ಹಳದಿ, ಕೇಸರಿ, ಕೆಂಪು ಬಣ್ಣದ, ತುತ್ತೂರಿಯಂತೆ ಬಾಯಿ ತೆರೆದ ದೊಡ್ಡ ದೊಡ್ಡ ಹೂಗಳು. ಹೆಸರು ಡೇ ಲಿಲ್ಲಿ. ನೋಡಿದರೆ ಯಾರಿಗಾದರೂ ಆಸೆ ಆಗುವಂಥದ್ದೇ. "ಇದು ನಮ್ಮ ಕಡೆ ಬರ್ತದೇನ್ರಿ? ಸಂಘದಾಗ ಸಾಲ ತಗೊಂಡು ಹಚ್ಚಿದರೆ ನಡೀತದೇನ್ರಿ?" ಎಂದು ಯಾರಾದರೂ ಕೇಳಿದರೆ ಬರೇ ಹೌದು ಅಥವಾ ಇಲ್ಲ ಎಂದು ಹೇಳಿ ಬಿಡುವುದು ಸರಿಯಲ್ಲ. ಏಕೆಂದರೆ ಅದು ಹತ್ತು ಹದಿನೈದು ಹೆಣ್ಣುಮಕ್ಕಳು ವಾರವಾರ ಕೂಡಿಸಿದ ರೊಕ್ಕ. ಆದ್ದರಿಂದ ಹೂಗಿಡಕ್ಕೂ ಹವಾಮಾನಕ್ಕೂ ಇರುವ ಸಂಬಂಧವನ್ನು ಮೊದಲು ತಿಳಿದುಕೊಳ್ಳೋಣ.

ಡೇ ಲಿಲ್ಲಿಯ ಮೂಲ ಊರು ಚೀನಾ, ಜಪಾನ್, ಕೊರಿಯಾ. ಇದರ ಒಂದೊಂದು ಹೂವಿನ ಆಯುಷ್ಯ ಒಂದೇ ದಿನ. ಮುಂಜಾನೆ ಅರಳಿದ್ದು ಸಂಜೆಗೆ ಬಾಡಿತು. ಆದರೆ ಒಂದೊಂದು ದಂಟಿನಲ್ಲಿ ಹಲವಾರು ಮೊಗ್ಗು ಇರುವುದರಿಂದ ದಿನಕ್ಕೊಂದರಂತೆ ಅರಳಿ ಗಿಡ ಕೆಲವು ವಾರ ತುಂಬಿದಂತೆ ಕಾಣುತ್ತದೆ. ಹಿಮ ಬೀಳುವ ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಇದನ್ನು ಮನೆಯಂಗಳದಲ್ಲಿ ಬಹಳ ಬೆಳೆಯುತ್ತಾರೆ. ಅಲ್ಲಿ ಚಳಿಗಾಲ ಬಂತೆಂದರೆ ಮೇಲಿನ ಎಲೆಯೆಲ್ಲ ಒಣಗಿ ಹೋಗುತ್ತದೆ. ನೆಲದೊಳಗಿನ ದಪ್ಪ ಬೇರು ಮಾತ್ರ ಹಿಮದ ಕೆಳಗೆ ನಿದ್ದೆ ಮಾಡುತ್ತದೆ. ಹಿಮ ಕರಗಿದ ಮೇಲೆ ಚಿಗುರಿ, ಜೂನ್ ಜುಲೈ ಹೊತ್ತಿಗೆ ಹೂ ಬಿಡುತ್ತದೆ. ಕೆಲವು ತಳಿಗಳಿಗೆ ಆ ನಿದ್ದೆ ಬೇಕೇ ಬೇಕು. ಚಳಿ ಸಿಗದಿದ್ದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತವೆ. ವರ್ಷವಿಡೀ ಹಸಿರಾಗಿರುವ ತಳಿಗಳೂ ಇವೆ, ಬೆಂಗಳೂರಿನಂಥ ತಂಪು ಊರಲ್ಲಿ ಅವು ಹೂ ಬಿಡುತ್ತವೆ. ಗಾಡಿಯವರು ಕೊಡುವುದು ಯಾವ ತಳಿ ಅಂತ ಚಿತ್ರ ನೋಡಿ ಹೇಳಲಿಕ್ಕೆ ಬರುವುದಿಲ್ಲ.

ಮನೆಯ ಅಂದಕ್ಕೆ ಒಂದೆರಡು ಗಿಡ ಹಚ್ಚುವುದಾದರೆ ನಮ್ಮದೇನೂ ಬೇಡ ಇಲ್ಲ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಬೇವಿನ ನೆರಳು ಬರುವಂಥ ಜಾಗ, ಪಾತ್ರೆ ತೊಳೆದ ನೀರು ಹೋಗುವ ಕಡೆ ಹಚ್ಚಿ ನೋಡಿ. ಆದರೆ ಮಾರಾಟಕ್ಕೆ ಇದು ಅಲ್ಲ. ಮುಂಜಾನೆ ಅರಳಿ ಸಂಜೆ ಬಾಡುವ ಹೂವನ್ನು ಮಾಲೆ ಕಟ್ಟಿ ಅಫಜಲಪುರಕ್ಕೋ ಕಲಬುರಗಿಗೋ ಒಯ್ಯುವುದು ಹೇಗೆ? ಚೀನಾದಲ್ಲಿ ಇದರ ಮೊಗ್ಗನ್ನು ಒಣಗಿಸಿ ಸಾರಿಗೆ ಹಾಕುತ್ತಾರೆ. ಹಾಗಂತ ಲಿಲ್ಲಿ ಎಂಬ ಹೆಸರಿನದೆಲ್ಲ ತಿನ್ನುವಂಥದ್ದು ಎಂದು ತಿಳಿಯಬೇಡಿ. ನಮ್ಮ ಬೇಲಿಯಲ್ಲಿ ಶ್ರಾವಣದ ಸುಮಾರಿಗೆ ಬೆಂಕಿಯಂತೆ ಅರಳುವ ಗೌರಿ ಹೂವಿಗೂ ಇಂಗ್ಲಿಷಿನಲ್ಲಿ ಲಿಲ್ಲಿ ಎಂದೇ ಕರೆಯುತ್ತಾರೆ, ಅದರ ಗಡ್ಡೆ ಪ್ರಾಣ ತೆಗೆಯುವ ವಿಷ. ಮಕ್ಕಳು ಕೀಳದಂತೆ ನೋಡಿಕೊಳ್ಳಿ.

ಈಗ ನಮ್ಮ ಅತನೂರ ಭಾಗದ ಮಾತು. ನಮ್ಮ ಥಂಡಿ ಗಿಡವನ್ನು ಕೊಲ್ಲುವ ಥಂಡಿ ಅಲ್ಲ. ಡಿಸೆಂಬರ್ ಜನವರಿಯಲ್ಲಿ ರಾತ್ರಿ ಹೊತ್ತು 15 ಡಿಗ್ರಿ ಆಸುಪಾಸು, ಕೆಲವು ದಿನ ಇನ್ನೂ ಕಡಿಮೆ. ಗಿಡಕ್ಕೆ ಇದು ಹಿತ. ನಮ್ಮಲ್ಲಿ ಗಿಡಕ್ಕೆ ಕಷ್ಟದ ಕಾಲ ಎಂದರೆ ಏಪ್ರಿಲ್ ಮೇ, 42 ಡಿಗ್ರಿ ದಾಟುವ ಬಿಸಿಲು, ಬಿರುಕು ಬಿಟ್ಟ ಎರೆ ಹೊಲ, ತಳ ಕಂಡ ಬಾವಿ. ಅವರ ದೇಶದಲ್ಲಿ ಹಿಮ ಮಾಡುವ ಕೆಲಸವನ್ನು ನಮ್ಮಲ್ಲಿ ಬಿಸಿಲು ಮಾಡುತ್ತದೆ. ಆದ್ದರಿಂದ ಹೂಗಿಡ ಆರಿಸುವಾಗ ನಾವು ಎರಡೇ ಮಾತು ಕೇಳಬೇಕು. ನಮ್ಮ ಸಣ್ಣ ಥಂಡಿಯಲ್ಲಿ ಇದು ಹೂ ಕೊಡುತ್ತದೆಯೋ? ಬ್ಯಾಸಿಗಿಯಲ್ಲಿ ಇದು ಹೇಗೆ ಬದುಕುತ್ತದೆ?

ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಸೇವಂತಿಗೆ. ನಮ್ಮ ಕಡೆ ಶಾವಂತಿಗಿ ಅಂತಲೂ ಅನ್ನುತ್ತೇವೆ. ಇದಕ್ಕೆ ಮುಖ್ಯವಾಗಿ ಬೇಕಾದದ್ದು ಉದ್ದ ರಾತ್ರಿ. ನಮ್ಮಲ್ಲಿ ಜೂನ್‌ನಲ್ಲಿ ಹಗಲು ಸುಮಾರು 13 ತಾಸು, ಡಿಸೆಂಬರ್‌ನಲ್ಲಿ ಸುಮಾರು 11 ತಾಸು. ಹಗಲು ಉದ್ದ ಇರುವವರೆಗೆ ಸೇವಂತಿಗೆ ಎಲೆ, ಕೊಂಬೆ ಮಾಡುತ್ತದೆ. ಹಗಲು ಗಿಡ್ಡಾಗುತ್ತಾ ಬಂದಂತೆ ಮೊಗ್ಗು ಕಟ್ಟುತ್ತದೆ. ಅದಕ್ಕೇ ಜೂನ್ ಜುಲೈಯಲ್ಲಿ ಹಚ್ಚಿದ ಗಿಡ ನವೆಂಬರ್‌ನಿಂದ ಎಳ್ಳ ಅಮವಾಸಿಯ ಸುತ್ತಮುತ್ತ ತನಕ ಹೂ ಕೊಡುವುದು. ತಡವಾಗಿ, ಸೆಪ್ಟೆಂಬರ್‌ನಲ್ಲಿ ಹಚ್ಚಿದರೂ ಅದು ಹೂ ಬಿಡುತ್ತದೆ, ಆದರೆ ಗೇಣುದ್ದದ ಗಿಡದಲ್ಲಿ ನಾಲ್ಕೇ ನಾಲ್ಕು ಹೂ. ಮೊದಲು ಮೈ ಬೆಳೆಯಬೇಕು, ಆಮೇಲೆ ರಾತ್ರಿ ಉದ್ದವಾಗಬೇಕು.

ಇದೇ ಕಾರಣಕ್ಕೆ ಒಂದು ಮುಖ್ಯ ಮಾತು. ಬೀದಿ ದೀಪದ ಕೆಳಗೆ, ಅಥವಾ ರಾತ್ರಿಯಿಡೀ ಬಲ್ಬು ಉರಿಯುವ ದನದ ಕೊಟ್ಟಿಗೆಯ ಮಗ್ಗುಲಲ್ಲಿ ಸೇವಂತಿಗೆ ಹಚ್ಚಬೇಡಿ. ಬೆಳಕು ಬಿದ್ದಷ್ಟು ಹೊತ್ತು ಗಿಡಕ್ಕೆ ಅದು ಹಗಲೇ. ಎಲೆ ದಟ್ಟವಾಗಿ ಬೆಳೆದು ಮೊಗ್ಗೇ ಬರದಿದ್ದರೆ ಮಾಟ, ದೃಷ್ಟಿ ಎಂದು ನಿಂಬೆಹಣ್ಣು ಕಟ್ಟುವ ಮೊದಲು ದೀಪದ ಕಂಬ ಎಲ್ಲಿದೆ ನೋಡಿ. ದೊಡ್ಡ ಬೆಳೆಗಾರರು ಇದನ್ನೇ ಉಪಾಯ ಮಾಡಿಕೊಂಡು ಹೊಲದಲ್ಲಿ ರಾತ್ರಿ ಬಲ್ಬು ಉರಿಸಿ ಹೂವನ್ನು ತಮಗೆ ಬೇಕಾದ ತಿಂಗಳಿಗೆ ತಡೆದು ಹಿಡಿಯುತ್ತಾರೆ.

ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಒಂದು ಗುಂಟೆಗೆ ಸುಮಾರು 350 ಗಿಡ ಹಿಡಿಯುತ್ತವೆ. ನಮ್ಮದು ಎರೆ ಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಸಪಾಟು ನೆಲದಲ್ಲಿ ಹಚ್ಚದೆ ಬೋದು ಮಾಡಿ ಬೋದಿನ ಮಗ್ಗುಲಿಗೆ ಹಚ್ಚಬೇಕು. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಹಾಕಿ. ಹಚ್ಚಿ ನಾಲ್ಕು ವಾರಕ್ಕೆ ತುದಿಯ ಕುಡಿ ಚಿವುಟಬೇಕು. ಬಹಳ ಹೆಣ್ಣುಮಕ್ಕಳಿಗೆ ಇಲ್ಲಿ ಕೈ ಬರುವುದಿಲ್ಲ, ಚೆಂದ ಬೆಳೆದದ್ದನ್ನು ಯಾಕೆ ಮುರೀಬೇಕು ಅನ್ನಿಸುತ್ತದೆ. ಆದರೆ ಒಂದು ಕುಡಿ ಚಿವುಟಿದರೆ ಕೆಳಗಿನಿಂದ ಮೂರು ನಾಲ್ಕು ಕೊಂಬೆ ಒಡೆಯುತ್ತವೆ, ಹೂ ಬರುವುದು ಕೊಂಬೆಯ ತುದಿಯಲ್ಲೇ. ಇನ್ನೊಂದು ಸಲ ಚಿವುಟುವುದಿದ್ದರೆ ಆಗಸ್ಟ್ ಮುಗಿಯುವುದರೊಳಗೆ ಮುಗಿಸಿ. ಸೆಪ್ಟೆಂಬರ್ ಮಧ್ಯದ ನಂತರ ಮುಟ್ಟಲೇಬೇಡಿ.

ಹೂ ಮುಗಿದ ಮೇಲೆ ಗಿಡ ಕಿತ್ತು ಒಗೆಯಬಾರದು. ಒಂದು ಗೇಣು ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿ ಏಳುತ್ತವೆ. ಚೆನ್ನಾಗಿ ಹೂ ಕೊಟ್ಟ ಇಪ್ಪತ್ತು ಮೂವತ್ತು ಗಿಡಗಳನ್ನು ಗುರುತು ಮಾಡಿ, ಮನೆಯ ಹಿತ್ತಲಲ್ಲಿ ನೆರಳು ಇರುವ ಕಡೆ ಬ್ಯಾಸಿಗಿ ದಾಟಿಸಿ. ಬ್ಯಾಸಿಗಿಯಲ್ಲಿ ಸೇವಂತಿಗೆಗೆ ತಾನಾಗಿ ಬದುಕುವ ಶಕ್ತಿ ಕಡಿಮೆ, ನಾವೇ ಕಾಯಬೇಕು. ಮಳೆ ಬಿದ್ದ ಮೇಲೆ ಬೇರು ಸಮೇತ ಮರಿ ಬಿಡಿಸಿ ಹಚ್ಚಿದರೆ ಎರಡನೆಯ ವರ್ಷ ಸಸಿಯ ಖರ್ಚೇ ಇಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಸುಗಂಧರಾಜ. ಸೊಲ್ಲಾಪುರದ ಕಡೆಯವರು ನಿಶಿಗಂಧ ಅನ್ನುತ್ತಾರೆ. ಇದು ಮೆಕ್ಸಿಕೋದಿಂದ ಬಂದ ಗಿಡ, ಉಳ್ಳಾಗಡ್ಡಿಯಂತೆ ನೆಲದೊಳಗೆ ಗಡ್ಡಿ ಕಟ್ಟುತ್ತದೆ. ಡೇ ಲಿಲ್ಲಿ ಹಿಮದ ಕೆಳಗೆ ಮಲಗಿದಂತೆ ಇದು ಬಿಸಿಲಿನ ಕೆಳಗೆ ಮಲಗಬಲ್ಲದು. ಮೇ ತಿಂಗಳಲ್ಲಿ ನೀರು ಕಡಿಮೆಯಾದರೆ ಹೂ ನಿಲ್ಲುತ್ತದೆ, ಎಲೆ ಒಣಗುತ್ತದೆ, ಆದರೆ ಗಡ್ಡಿಯಲ್ಲಿ ಜೀವ ಇರುತ್ತದೆ. ನಮ್ಮ ಎರೆ ನೆಲ ಬಿರುಕು ಬಿಟ್ಟಾಗ ಬಿಸಿ ಗಾಳಿ ಗಡ್ಡಿಗೆ ಮುಟ್ಟಬಾರದು, ಅದಕ್ಕೆ ಸಾಲಿನ ಮೇಲೆ ಕಬ್ಬಿನ ರವದಿ ಹರವಿ. ಅಫಜಲಪುರ ತಾಲೂಕಿನಲ್ಲಿ ಕಬ್ಬಿಗೇನು ಬರ ಇಲ್ಲ, ರವದಿಯನ್ನು ಸುಡುವ ಬದಲು ಕೇಳಿ ತರಬಹುದು. ನೀರು ಇದ್ದವರಿಗಂತೂ ಬಿಸಿಲು ಏರಿದಂತೆ ಹೂ ಏರುತ್ತದೆ. ಥಂಡಿಯಲ್ಲಿ ಇದು ಸ್ವಲ್ಪ ಮಂಕು. ಅಂದರೆ ಸೇವಂತಿಗೆ ಕೈ ಬಿಟ್ಟಾಗ ಸುಗಂಧರಾಜ ಕೈ ಹಿಡಿಯುತ್ತದೆ, ಅದೂ ಮದುವೆಗಳ ಕಾಲದಲ್ಲಿ.

ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಶೃಂಗಾರ್, ಪ್ರಜ್ವಲ್ ತಳಿಗಳು ಒಂಟಿ ಸುತ್ತಿನ ಎಸಳಿನವು, ಮಾಲೆಗೆ ಬೇಕಾದವು ಇವೇ. ಸುವಾಸಿನಿ, ವೈಭವ್ ಹಲವು ಸುತ್ತಿನವು, ಹೂದಾನಿಗೆ ದಂಟು ಸಮೇತ ಮಾರುವಂಥವು. ನಮಗೆ ಒಂಟಿ ಸುತ್ತಿನದೇ ಸಾಕು. ಗಡ್ಡಿ ಅಡಿಕೆಗಿಂತ ಸಣ್ಣದಿದ್ದರೆ ತಗೊಳ್ಳಬೇಡಿ, ಮೊದಲ ವರ್ಷ ಬರೇ ಎಲೆ ಕೊಡುತ್ತದೆ. ಒಂದೊಂದು ಅಡಿ ಅಂತರದಲ್ಲಿ ಗುಂಟೆಗೆ ಸುಮಾರು ಸಾವಿರ ಗಡ್ಡಿ ಬೇಕು. ಹಚ್ಚಿ ಮೂರು ತಿಂಗಳು ಕಳೆದ ಮೇಲೆ ಹೂ ಶುರುವಾಗುತ್ತದೆ, ಒಂದು ಸಲ ಹಚ್ಚಿದರೆ ಮೂರು ವರ್ಷ ಇಟ್ಟುಕೊಳ್ಳಬಹುದು.

ಇದಕ್ಕೆ ಒಂದು ಶತ್ರು ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳ ಬೇರಿನಲ್ಲಿ ಗಂಟು ಕಟ್ಟಿಸಿ ಗಿಡವನ್ನು ಕುಗ್ಗಿಸುತ್ತದೆ. ಚೆಂಡು ಹೂವಿನ ಬೇರು ಈ ಹುಳವನ್ನು ತಗ್ಗಿಸುತ್ತದೆ. ಆದ್ದರಿಂದ ಮೊದಲು ಚೆಂಡು ಹೂ ಬೆಳೆದ ಜಾಗದಲ್ಲೇ ಮುಂದಿನ ವರ್ಷ ಸುಗಂಧರಾಜ ಹಚ್ಚುವುದು ಜಾಣತನ.

ಚೆಂಡು ಹೂವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುವ ಬೆಳೆ. ಬೀಜ ಹಾಕಿದ ದಿನದಿಂದ ಹೂ ಕೊಯ್ಯುವ ತನಕ ಸುಮಾರು ಮೂರು ತಿಂಗಳು. ದಸರೆಯ ದಿನ ಯಾವುದೆಂದು ಪಂಚಾಂಗ ನೋಡಿ, ಹಿಂದಕ್ಕೆ ಎಣಿಸಿ ಬೀಜ ಹಾಕಿ. ಹಬ್ಬ ಮುಗಿದ ಮರುದಿನ ದರ ಕುಸಿಯುತ್ತದೆ. ಆದ್ದರಿಂದ ಎಲ್ಲರೂ ಒಂದೇ ದಿನ ಬೀಜ ಹಾಕದೆ ಕೆಲವರು ದೀಪಾವಳಿಗೆ ಬರುವಂತೆ ಹಾಕಬೇಕು.

ಇಲ್ಲಿ ಸಾಲದ ಮಾತು ಬರುತ್ತದೆ. ಸಂಘದ ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ, ಸೇವಂತಿಗೆ ಮಾತ್ರ ನಾಲ್ಕೈದು ತಿಂಗಳು ಒಂದು ರೂಪಾಯಿ ಕೊಡುವುದಿಲ್ಲ. ಈ ನಡುವಿನ ಕಂತನ್ನು ಕೂಲಿಯ ದುಡ್ಡಿನಿಂದಲೋ, ಮತ್ತೊಬ್ಬರ ಹತ್ತಿರ ಕೈಗಡ ತಂದೋ ಕಟ್ಟಬೇಕಾಗುತ್ತದೆ, ಹೂ ಬರುವುದರೊಳಗೆ ಲಾಭ ಬಡ್ಡಿಗೆ ಹೋಗಿರುತ್ತದೆ. ಆದ್ದರಿಂದ ಸಾಲ ಮಂಜೂರು ಮಾಡುವ ಸಭೆಯಲ್ಲೇ ಯಾವ ಹೂ, ಮೊದಲ ಕೊಯ್ಲು ಯಾವ ತಿಂಗಳು ಎಂದು ಠರಾವಿನಲ್ಲಿ ಬರೆಸಿ, ಅಸಲಿನ ಕಂತು ಕೊಯ್ಲಿನ ತಿಂಗಳಿನಿಂದ ಶುರುವಾಗುವಂತೆ ಕೇಳಿ. ಹೊಲ ಯಜಮಾನರ ಹೆಸರಿನಲ್ಲಿದ್ದರೂ ಹೂವಿನ ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರಲಿ. ಮೊದಲ ವರ್ಷ ಒಂದೆರಡು ಗುಂಟೆ ಸಾಕು. ಹೂ ಕೊಯ್ಯುವುದು ಬಿಸಿಲೇರುವ ಮುಂಚೆ, ಅದೇ ಹೊತ್ತಿಗೆ ರೊಟ್ಟಿ ಬಡಿಯುವುದೂ ಇರುತ್ತದೆ, ಮಕ್ಕಳನ್ನು ಸಾಲಿಗೆ ಕಳಿಸುವುದೂ ಇರುತ್ತದೆ. ಎಷ್ಟು ಕೈ ಇವೆ ಎಂದು ಎಣಿಸದೆ ಹೊಲ ಎಣಿಸಬೇಡಿ.

ಮಾರುಕಟ್ಟೆ ನಮ್ಮ ತಾಲೂಕಿನಲ್ಲೇ ಇದೆ. ದೇವಲ ಗಾಣಗಾಪುರದ ದತ್ತಾತ್ರೇಯ ಗುಡಿಗೆ ಗುರುವಾರ, ಹುಣ್ಣಿಮೆಗೆ ಜನ ಬರುತ್ತಾರೆ, ದತ್ತ ಜಯಂತಿ ಬರುವುದೇ ಮಾರ್ಗಶಿರ ಹುಣ್ಣಿಮೆಗೆ, ಸೇವಂತಿಗೆ ತುಂಬಿ ನಿಂತಿರುವ ಥಂಡಿಯಲ್ಲಿ. ಭೀಮಾ ದಂಡೆಯ ಘತ್ತರಗಿ ಭಾಗ್ಯವಂತಿಗೆ ಅಮಾವಾಸ್ಯೆಗೆ ಜನ. ಹೊಲ ಇಲ್ಲದ ಸದಸ್ಯರು ಕಿಲೋ ಲೆಕ್ಕದಲ್ಲಿ ಬಿಡಿ ಹೂ ಕೊಂಡು, ಮಾಲೆ ಕಟ್ಟಿ, ಮಾರು ಲೆಕ್ಕದಲ್ಲಿ ಮಾರಬಹುದು. ಬಿಡಿ ಹೂವಿಗಿಂತ ಕಟ್ಟಿದ ಹೂವಿಗೆ ಬೆಲೆ ಹೆಚ್ಚು, ಆ ಹೆಚ್ಚು ಸಂಘದ ಒಳಗೇ ಉಳಿಯಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮ್ಮ ಟಿಕೆಟಿನ ಖರ್ಚು ತಪ್ಪಿದೆ. ಬುಟ್ಟಿಯ ಲಗೇಜು ಬೇರೆ ಲೆಕ್ಕ, ಕಂಡಕ್ಟರನ್ನು ಮೊದಲೇ ಕೇಳಿಕೊಳ್ಳಿ. ಥಂಡಿ ದಿನಗಳಲ್ಲಿ ಇಬ್ಬನಿ ಬಿದ್ದ ಹೂವನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಊರು ಮುಟ್ಟುವಷ್ಟರಲ್ಲಿ ಕಪ್ಪಾಗುತ್ತದೆ. ನೆರಳಲ್ಲಿ ಹರವಿ, ನೀರಿನಂಶ ಆರಿದ ಮೇಲೆ ಬಿದಿರು ಬುಟ್ಟಿಗೆ ಹಾಕಿ.

ಥಂಡಿಯಲ್ಲಿ ಸೇವಂತಿಗೆಯ ಕುಡಿಗೆ ಹೇನು ಮುತ್ತುತ್ತದೆ. ಅಂಗಡಿಯ ವಿಷಕ್ಕೆ ಓಡಬೇಡಿ. ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಲ್ಲಿ ನೆನೆಹಾಕಿ, ಸೋಸಿ, 10 ಲೀಟರ್ ಮಾಡಿ, ಸ್ವಲ್ಪ ಸಾಬೂನು ಕಲಸಿ ಸಂಜೆ ಹೊತ್ತು ಹೊಡೆಯಿರಿ. ಹೂ ಕಟ್ಟುವ ಹೆಣ್ಣುಮಕ್ಕಳು ದಾರದ ತುದಿಯನ್ನು ಹಲ್ಲಲ್ಲೇ ಕಚ್ಚಿ ಹಿಡಿಯುತ್ತಾರೆ, ಹೂವಿಗೆ ಹೊಡೆದ ವಿಷ ನೇರವಾಗಿ ಅವರ ಬಾಯಿಗೆ ಹೋಗುತ್ತದೆ. ಬೇವಿನ ಬೀಜ ಜೂನ್ ಜುಲೈ ಹೊತ್ತಿಗೆ ಗಿಡದ ಕೆಳಗೆ ಬಿದ್ದಿರುತ್ತದೆ, ಸೇವಂತಿಗೆ ಹಚ್ಚುವ ದಿನಗಳಲ್ಲೇ ಆರಿಸಿ ಒಣಗಿಸಿ ಇಟ್ಟುಕೊಳ್ಳಿ. ಗಡ್ಡಿ, ಸಸಿ ಎಲ್ಲಿ ಸಿಗುತ್ತದೆ, ಈ ವರ್ಷ ಸಹಾಯಧನ ಏನಿದೆ ಎಂಬುದನ್ನು ಅಫಜಲಪುರದ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಬೇಕು. ಇಬ್ಬರು ಸದಸ್ಯರು ಸಂಘದ ಠರಾವಿನ ಪ್ರತಿ ಹಿಡಿದುಕೊಂಡು ಹೋಗಿ ಬರಲಿ.