ದಾದಾನ ಜಾವಾ ಏಕೆ ಕಟಕಟ ಎನ್ನುತ್ತಿತ್ತು?

ನಮ್ಮ ಮನೆಯ ಹಿತ್ತಲಿನ ಶೀಟಿನ ಕೆಳಗೆ ದಾದಾ 1971ರಲ್ಲಿ ಕೊಂಡ ಜಾವಾ 250 ಇದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಅಲ್ಲಿ 1961ರಲ್ಲಿ ಶುರುವಾದ ತಯಾರಿಕೆ 1996ರಲ್ಲಿ ನಿಂತುಹೋಯಿತು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವ ಗಾಡಿ ಎಂದರೆ ನಮ್ಮ ಮೇಷ್ಟ್ರುಗಳಿಗೆ ತಕ್ಷಣ ನೆನಪಾಗಬಹುದು. ನನಗಿನ್ನೂ ಲೈಸೆನ್ಸ್ ವಯಸ್ಸಾಗಿಲ್ಲ. ಓಡಿಸುವುದು ಮಾಮು, ಒರೆಸುವುದು ನಾನು.

ಕಳೆದ ವರ್ಷ ಎಂಜಿನ್‌ನಿಂದ ಕಟಕಟ ಶಬ್ದ ಶುರುವಾಯಿತು. ಪಕ್ಕದ ಮನೆಯವರು "ಟ್ಯಾಪೆಟ್ ಸರಿ ಮಾಡಿಸಿ" ಎಂದರು. ಆದರೆ ಇದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ವಾಲ್ವ್ ಇಲ್ಲ, ಆದ್ದರಿಂದ ಟ್ಯಾಪೆಟ್ಟೂ ಇಲ್ಲ! ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಒಂದು ಗ್ಯಾರೇಜಿನವರು ಕಿವಿಗೊಟ್ಟು ಕೇಳಿ "ಬೋರ್ ಹೋಗಿದೆ" ಎಂದರು. ಸಿಲಿಂಡರ್ ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದೆವು. ಸಾವಿರಗಟ್ಟಲೆ ಖರ್ಚಾಯಿತು. ಗಾಡಿ ಮನೆಗೆ ಬಂತು, ಕಟಕಟವೂ ಜೊತೆಗೇ ಬಂತು. ಅಬ್ಬಾ ಮರುದಿನವೇ ಗುಜರಿಯವನ ಹತ್ತಿರ ರೇಟು ಕೇಳಿಕೊಂಡು ಬಂದರು. ದಾದಾ ಏನೂ ಮಾತಾಡಲಿಲ್ಲ, ಊಟಕ್ಕೂ ತಡವಾಗಿ ಬಂದರು.

ಆಗ ಮಾಮು ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನು ಕರೆತಂದರು. ಅವರು ಒಂದು ನಟ್ಟನ್ನೂ ಬಿಚ್ಚಲಿಲ್ಲ. ಮೊದಲು ಕೇಳಿದ್ದು: ಶಬ್ದ ಬರುವುದು ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ಏರಿನಲ್ಲೋ, ನಿಂತಾಗಲೋ? ಕ್ಲಚ್ ಹಿಡಿದರೆ ಬದಲಾಗುತ್ತದೆಯೋ?

ಈ ಪ್ರಶ್ನೆಗಳ ಹಿಂದೆ ನಮ್ಮ ಫಿಸಿಕ್ಸ್ ಪಾಠವೇ ಇದೆ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದಾಗ ಎರಕದ ಕಬ್ಬಿಣದ ಸಿಲಿಂಡರ್‌ಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಸಡಿಲವಾದ ಪಿಸ್ಟನ್ ಬೆಳಗ್ಗೆ ತಣ್ಣಗಿರುವಾಗ ಗೋಡೆಗೆ ಬಡಿದು ಸದ್ದು ಮಾಡಿ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ನಮ್ಮದು ಬಿಸಿಯಾದರೂ ಬಿಡುತ್ತಿರಲಿಲ್ಲ. ಚಾಮುಂಡಿ ಬೆಟ್ಟದ ಏರಿನಲ್ಲಿ ಮಾತ್ರ ಕಿಣಿಕಿಣಿ ಎಂದರೆ ಕಿಡಿ ಬೇಗ ಹಾರುತ್ತಿದೆ ಎಂದರ್ಥ. ಪಾಯಿಂಟ್ ಮತ್ತು ಟೈಮಿಂಗ್ ನೋಡಬೇಕು. ಅದೂ ನಮ್ಮದಲ್ಲ. ಕ್ರ್ಯಾಂಕಿನ ಕಡೆಯ ಬೇರಿಂಗ್ ಹೋಗಿದ್ದರೆ ಭಾರ ಬಿದ್ದಾಗ ಒಳಗಿನಿಂದ ದಬ್ ದಬ್ ಎಂಬ ದಪ್ಪ ಸದ್ದು ಬರುತ್ತದೆ. ನಾನು ಹೆದರಿದ್ದು ಅದಕ್ಕೇ, ಏಕೆಂದರೆ ಆಗ ಪೂರ್ತಿ ಎಂಜಿನ್ ಬಿಚ್ಚಬೇಕು, ಆ ಖರ್ಚಿಗೆ ಅಬ್ಬಾ ಒಪ್ಪುತ್ತಿರಲಿಲ್ಲ. ನಮ್ಮ ಶಬ್ದವೋ ನಿಂತಲ್ಲಿ ಜೋರು, ಒಂದೇ ವೇಗದಲ್ಲಿ ಎಳೆಯುವಾಗ ಕಡಿಮೆ.

ಆಮೇಲೆ ಅವರು ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ತುದಿಯನ್ನು ಎಂಜಿನ್‌ನ ಒಂದೊಂದು ಕಡೆ ಮುಟ್ಟಿಸಲು ಹೇಳಿದರು. ಡಾಕ್ಟರರ ಸ್ಟೆತಾಸ್ಕೋಪ್ ಇದ್ದ ಹಾಗೆ. (ಸಡಿಲ ತೋಳು, ದುಪಟ್ಟಾ, ಮಫ್ಲರ್ ಚೈನಿನ ಹತ್ತಿರ ಬೇಡ, ಸೈಲೆನ್ಸರ್ ಮುಟ್ಟಿ ನಾನು ಒಮ್ಮೆ ಮೊಣಕೈ ಸುಟ್ಟುಕೊಂಡಿದ್ದೇನೆ.) ಸಿಲಿಂಡರ್ ಮೇಲೆ ಸದ್ದು ಮಂದ. ಎಡಬದಿಯ ಕವರ್ ಮೇಲೆ ಇಟ್ಟೊಡನೆ ಕಿವಿಯೊಳಗೆ ಯಾರೋ ತಗಡು ಬಡಿದಂತಾಯಿತು! ಬರಿಗಿವಿಗೆ ಸಿಲಿಂಡರಿನಿಂದಲೇ ಬಂದಂತೆ ಕೇಳುತ್ತಿದ್ದುದಕ್ಕೆ ಕಾರಣ ಅದರ ತೆಳುವಾದ ರೆಕ್ಕೆಗಳು. ಎಂಜಿನ್‌ನ ಎಲ್ಲೇ ನಡುಕ ಹುಟ್ಟಿದರೂ ಅವು ಗಂಟೆಯಂತೆ ಅನುರಣಿಸುತ್ತವೆ.

ಎಡಕವರಿನೊಳಗೆ ಇರುವುದು ಕ್ರ್ಯಾಂಕಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ಪ್ರೈಮರಿ ಚೈನ್. ಎಣ್ಣೆ ಬಸಿದು, ಲಿವರ್ ಕಳಚಿ ಕವರ್ ತೆಗೆದೆವು. ಚೈನ್ ಬಟ್ಟೆ ಒಣಹಾಕುವ ಹಗ್ಗದಂತೆ ಜೋತಿತ್ತು. ಕವರಿನ ಒಳಮೈಯಲ್ಲಿ ಅದು ಉಜ್ಜಿದ ಗೆರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಚೈನ್ ಉದ್ದವಾಗುವುದೆಂದರೆ ಉಕ್ಕು ರಬ್ಬರಿನಂತೆ ಹಿಗ್ಗುವುದಲ್ಲ. ಪ್ರತಿ ಕೊಂಡಿಯ ಪಿನ್ನು ಸ್ವಲ್ಪ ಸವೆಯುತ್ತದೆ. ಒಂದೊಂದರಲ್ಲಿ 0.1 ಮಿ.ಮೀ. ಎಂದರೂ 50 ಕೊಂಡಿಗೆ 5 ಮಿ.ಮೀ. ಆಯಿತಲ್ಲ! ಟೂ ಸ್ಟ್ರೋಕ್ ಎಂಜಿನ್ ನಿಧಾನವಾಗಿ ತಿರುಗುವಾಗ ಒಂದೊಂದು ಸಿಡಿತಕ್ಕೂ ಚೈನ್ ಬಿಗಿದು ಸಡಿಲವಾಗಿ ಕವರಿಗೆ ಹೊಡೆಯುತ್ತದೆ. ನಿಂತಲ್ಲಿ ಜೋರು ಸದ್ದು ಬರುತ್ತಿದ್ದುದು ಇದಕ್ಕೇ.

ಎಂಜಿನ್ ಕಡೆಯ ಹಲ್ಲುಚಕ್ರ ಮೊನೆಚಾದ ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕ್ ಸೊಟ್ಟಗಾಗಬಹುದು. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರಿಂದ ಚೈನಿನ ಜೊತೆ ಅದನ್ನೂ ಬದಲಾಯಿಸಿದೆವು. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಸವೆಯುತ್ತದೆ. ಒಂದು ಮಧ್ಯಾಹ್ನದ ಕೆಲಸ, ಬೋರ್ ಕೊರೆಸಿದ ಖರ್ಚಿನ ಅರ್ಧವೂ ಆಗಲಿಲ್ಲ.

ಈಗಲೂ ಬೆಳಗ್ಗೆ ಎರಡು ನಿಮಿಷ ಸಣ್ಣ ಟಿಕ್ ಟಿಕ್ ಕೇಳುತ್ತದೆ, ಬಿಸಿಯಾದ ಮೇಲೆ ಹೋಗುತ್ತದೆ. ಸಿಲಿಂಡರನ್ನು ಸ್ವಲ್ಪ ಸಡಿಲವಾಗಿ ಕೊರೆದ ಆ ಗ್ಯಾರೇಜಿನವರ ಕಾಣಿಕೆ ಅದು. ಸ್ಟಾರ್ಟ್ ಮಾಡಿದ ದಿನ ದಾದಾ ಸ್ಕ್ರೂಡ್ರೈವರ್ ಇಸಕೊಂಡು ತಾವೇ ಕಿವಿಗೆ ಹಿಡಿದು ಬಹಳ ಹೊತ್ತು ಕೂತಿದ್ದರು. ಅಬ್ಬಾ ಗುಜರಿಯ ಮಾತು ಮತ್ತೆ ಎತ್ತಿಲ್ಲ.