ಲೆನ್ಸ್ ಬೆವರದಂತೆ ನೋಡಿಕೊಳ್ಳಿ

ಸಿಂಗಪುರದ ಹೋಟೆಲ್ ಕೋಣೆಯಲ್ಲಿ ರಾತ್ರಿಯಿಡೀ ಎ.ಸಿ. 22 ಡಿಗ್ರಿಯಲ್ಲಿ ಓಡಿರುತ್ತದೆ. ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ಬೀದಿಗಿಳಿದ ಪ್ರವಾಸಿಗೆ ಕಾಣುವುದು ಬರೀ ಬಿಳಿ ಮಬ್ಬು. ಬಟ್ಟೆಯಿಂದ ಲೆನ್ಸ್ ಒರೆಸಿದರೆ ಮರುಕ್ಷಣವೇ ಮತ್ತೆ ಮಬ್ಬು. ವಿದೇಶಕ್ಕೆ ಹೊರಟವರು ಕಳ್ಳರಿಗೆ ಹೆದರಿ ಚೀಲಕ್ಕೆ ಬೀಗ ಹಾಕುತ್ತಾರೆ, ವಿಮೆ ಮಾಡಿಸುತ್ತಾರೆ. ಅದೆಲ್ಲ ಬೇಕಾದದ್ದೇ. ಅಷ್ಟೇ ಎಚ್ಚರ ಹವೆಯ ವಿಷಯದಲ್ಲೂ ಇರಬೇಕು.

ಬಿಸಿ ಹವೆಯಲ್ಲಿ ನೀರಾವಿ ಹೆಚ್ಚು ಇರಬಲ್ಲದು, ತಣ್ಣನೆಯ ಹವೆಯಲ್ಲಿ ಕಡಿಮೆ. ಗಾಳಿ ತಣಿಯುತ್ತ ಹೋದರೆ ಒಂದು ಉಷ್ಣಾಂಶದಲ್ಲಿ ಆವಿ ಹನಿಯಾಗತೊಡಗುತ್ತದೆ. ಅದೇ ಇಬ್ಬನಿ ಬಿಂದು. ಹೊರಗೆ 31 ಡಿಗ್ರಿ ಸೆಕೆಯಿದ್ದು ಆರ್ದ್ರತೆ ಶೇ. 70 ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಕೋಣೆಯಿಂದ ಬಂದ ಲೆನ್ಸ್ ಇನ್ನೂ 22 ಡಿಗ್ರಿಯಲ್ಲಿದೆ. ಅದನ್ನು ಮುಟ್ಟಿದ ಗಾಳಿಯಲ್ಲಿನ ಆವಿ ಅಲ್ಲೇ ತಣಿದು ನೀರಾಗುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವುದೂ ಹೀಗೆಯೇ.

ಹೊರಮೈಯ ಹನಿ ತಾನಾಗಿ ಆರುತ್ತದೆ. ತೊಂದರೆ ಒಳಗೆ ಹೋದದ್ದರದು. ಹಲವು ಜೂಮ್ ಲೆನ್ಸ್‌ಗಳು ಉದ್ದವಾಗುವಾಗ ಹೊರಗಿನ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತವೆ. ಲೆನ್ಸ್ ಬದಲಿಸಲು ಬಿಚ್ಚಿದರಂತೂ ತೇವದ ಗಾಳಿ ನೇರ ಸೆನ್ಸರ್ ತನಕ ಹೋಗುತ್ತದೆ. ಆದ್ದರಿಂದ ಮಬ್ಬು ಕವಿದಿರುವಾಗ ಜೂಮ್ ತಿರುಗಿಸಬಾರದು, ಲೆನ್ಸ್ ಕಳಚಬಾರದು.

ಒಳಗೆ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ಕತ್ತಲು, ನಿಶ್ಚಲ ಗಾಳಿ, ದಿನಗಟ್ಟಲೆ ಶೇ. 70ರ ಆಸುಪಾಸಿನ ಆರ್ದ್ರತೆ ಸಿಕ್ಕರೆ ಅವು ಮೊಳೆಯುತ್ತವೆ. ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಬೆಳಕು ಪ್ರತಿಫಲಿಸದಿರಲೆಂದು ಲೆನ್ಸಿಗೆ ಬಳಿದ ಲೇಪದ ಒಂದೊಂದು ಪದರವೂ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ತೆಳು. ಬೂಷ್ಟು ಸ್ರವಿಸುವ ಆಮ್ಲ ಈ ಲೇಪವನ್ನು ತಿನ್ನುತ್ತದೆ. ಆಮೇಲೆ ಬೂಷ್ಟನ್ನು ತೆಗೆಸಿದರೂ ಕಲೆ ಉಳಿದುಬಿಡುತ್ತದೆ. ಪ್ರವಾಸ ಮುಗಿಸಿ ಬಂದ ಚೀಲವನ್ನು ಮಳೆಗಾಲದ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಹಾಗೆಯೇ ಮುಚ್ಚಿಟ್ಟರೆ ಬೂಷ್ಟಿಗೆ ಬೇಕಾದದ್ದೆಲ್ಲ ಸಿಕ್ಕಿದಂತೆ.

ಶೀತ ದೇಶದಲ್ಲಿ ಇದು ತಿರುಗುಮುರುಗು. ಚಳಿಗಾಲದ ಉತ್ತರ ಫಿನ್ಲೆಂಡಿನಲ್ಲಿ ಹೊರಗೆ ಮೈನಸ್ 20 ಡಿಗ್ರಿ, ಮನೆಯೊಳಗೆ ಬೆಚ್ಚಗೆ 20 ಡಿಗ್ರಿ. ಅಲ್ಲಿ ಹೊರಗೆ ಹೋಗುವಾಗ ಅಪಾಯವಿಲ್ಲ, ಒಳಗೆ ಬರುವಾಗಲೇ ಇರುವುದು. ಆಗ ಲೆನ್ಸಿನ ಮೇಲೆ ಹನಿಯಷ್ಟೇ ಅಲ್ಲ, ಹಿಮವೂ ಕಟ್ಟಬಹುದು.

ಎರಡಕ್ಕೂ ಪರಿಹಾರ ಒಂದೇ: ಗಾಳಿಯಾಡದ ಜಿಪ್ ಕವರ್. ತಣ್ಣನೆಯ ಜಾಗದಲ್ಲಿರುವಾಗಲೇ ಕ್ಯಾಮೆರಾವನ್ನು ಅದರೊಳಗಿಟ್ಟು, ಗಾಳಿ ಹಿಂಡಿ ತೆಗೆದು ಮುಚ್ಚಬೇಕು. ಬೆಚ್ಚನೆಯ ಜಾಗಕ್ಕೆ ಬಂದ ಮೇಲೆ ಹನಿ ಕಟ್ಟುವುದು ಕವರಿನ ಹೊರಮೈ ಮೇಲೆ. ಸಿಂಗಪುರದಂಥ ಊರಲ್ಲಿ ಅರ್ಧ ಗಂಟೆ, ಹಿಮದ ನಾಡಿನಲ್ಲಿ ಒಂದೆರಡು ಗಂಟೆ ಕಾದು ತೆರೆದರೆ ಸಾಕು. ಚಿತ್ರಗಳನ್ನು ನೋಡುವ ಆತುರವಿದ್ದರೆ ಮೆಮೊರಿ ಕಾರ್ಡನ್ನು ಹೊರಗೇ ತೆಗೆದಿಟ್ಟುಕೊಳ್ಳಿ.

ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ಅಯಾನುಗಳ ಓಡಾಟ ನಿಧಾನವಾಗಿ, ಪೂರ್ತಿ ಚಾರ್ಜ್ ಆದದ್ದೂ ಬೇಗ ಕೈಕೊಡುತ್ತದೆ. ಬಿಡಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರೆ ಮೈಯ ಶಾಖಕ್ಕೆ ಅದು ಚುರುಕಾಗಿರುತ್ತದೆ. ವಿಮಾನದಲ್ಲಿಯೂ ಬಿಡಿ ಬ್ಯಾಟರಿ ನಿಮ್ಮ ಕೈಚೀಲದಲ್ಲೇ ಇರಬೇಕೆಂಬುದು ನಿಯಮ. ಶಾರ್ಟ್ ಆಗಿ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ತಕ್ಷಣ ಆರಿಸಬಹುದು, ಸರಕಿನ ಅಂಕಣದಲ್ಲಿ ಆಗದು. ಟರ್ಮಿನಲ್‌ಗಳಿಗೆ ಟೇಪ್ ಅಂಟಿಸಿ. 100 ವಾಟ್-ಗಂಟೆ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 3.7 ವೋಲ್ಟಿನ 20,000 ಮಿಲಿಆಂಪಿಯರ್-ಗಂಟೆ ಪವರ್ ಬ್ಯಾಂಕ್ 74 ವಾಟ್-ಗಂಟೆ.

ಊರಿಗೆ ಮರಳಿದ ದಿನವೇ ಚೀಲದಿಂದ ಎಲ್ಲವನ್ನೂ ಹೊರತೆಗೆದು ಗಾಳಿಗಿಡಿ. ನಂತರ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಒಳಗಿನ ಆರ್ದ್ರತೆ ಶೇ. 40ರಿಂದ 50ರಷ್ಟಿರಲಿ, ಅದನ್ನು ಅಳೆಯುವ ಪುಟ್ಟ ಹೈಗ್ರೋಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಮುಂದಿನ ಪ್ರವಾಸಕ್ಕೆ ಟಿಕೆಟ್ ಕಾಯ್ದಿರಿಸುವಾಗಲೇ ಎರಡು ದೊಡ್ಡ ಜಿಪ್ ಕವರ್ ಕೊಂಡಿಡಿ. ಕೆಲವೇ ರೂಪಾಯಿಯ ಈ ಕವರ್ ನಿಮ್ಮ ಲೆನ್ಸನ್ನು ಬಹುಕಾಲ ಕಾಯುತ್ತದೆ.